ತಲೆ ಎಣಿಸಿದ್ದಾಯಿತು, ಬಸ್ಸು ಎಲ್ಲಿ?

ಒಂದು ಹಳ್ಳಿಯ ಹಣೆಬರಹ ತಿಳಿಯಲು ಸರಕಾರಕ್ಕೆ ಒಂದು ಸಾಲು ಸಾಕು. ಊರಿನ ಹೆಸರು, ವಿಸ್ತೀರ್ಣ, ಮನೆ ಎಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಓದು ಬರಹ ಬಲ್ಲವರೆಷ್ಟು. ಆಮೇಲೆ ಶಾಲೆ, ಆಸ್ಪತ್ರೆ, ಅಂಚೆ. ಕೊನೆಗೆ ಬಸ್ಸು, ರೈಲು. ಹತ್ತು ವರ್ಷಕ್ಕೊಮ್ಮೆ ಅಚ್ಚಾಗುವ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಊರಿಗೊಂದು ಸಾಲಿನಂತೆ ಇವೆಲ್ಲ ಸಿಗುತ್ತವೆ. ಬಸ್ಸು ಬರುವ ಊರಾದರೆ 'ಇದೆ' ಎಂದು ಒಂದು ಗುರುತು. ಬಾರದ ಊರಾದರೆ ಹತ್ತಿರದ ಬಸ್ಸು ಐದು ಕಿಲೋಮೀಟರ್ ಒಳಗೋ, ಐದರಿಂದ ಹತ್ತರ ಒಳಗೋ, ಹತ್ತರ ಆಚೆಗೋ ಎಂದು ತಿಳಿಸುವ ಒಂದು ಅಕ್ಷರ. ಅಲ್ಲಿಗೆ ಆ ಊರಿನ ಕಥೆ ಮುಗಿಯಿತು.

ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳ್ಳಿ ಜನರ ದಿನಚರಿ ಶುರುವಾಗುವುದೇ ಆ ಒಂದು ಅಕ್ಷರದಿಂದ. 'ಇದೆ' ಎಂದು ಬರೆದ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ? ದಿನಕ್ಕೆ ಎಷ್ಟು ಸಲ? ಕಾಲೇಜಿನ ಗಂಟೆಗೆ ಸರಿಹೋಗುತ್ತದೆಯೇ? ಸಂಜೆ ವಾಪಸು ಬರಲು ಬಸ್ಸುಂಟೇ? ಸರಕಾರಿಯೇ, ಖಾಸಗಿಯೇ? ಬಸ್ಸು ನಿಲ್ಲುವುದು ಊರಲ್ಲೋ, ಊರಾಚೆಯ ಕ್ರಾಸಿನಲ್ಲೋ? ಇದನ್ನೆಲ್ಲ ಯಾವ ಅಂಕಣವೂ ಕೇಳುವುದಿಲ್ಲ. ಕೇಳದ್ದರಿಂದ ಕಾಗದದ ಮೇಲೆ ಊರಿಗೆ ಬಸ್ಸುಂಟು, ಅರಳಿಕಟ್ಟೆಯ ಮುಂದೆ ಬಸ್ಸಿಲ್ಲ.

ಈ ಮಾತು ಈಗ ಯಾಕೆ ಬಂತೆಂದರೆ, ಮತ್ತೆ ತಲೆ ಎಣಿಸುವ ಕಾಲ ಬಂದಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್ ಎಂದು ಮುಂದಕ್ಕೆ ಹೋಯಿತು. ಹೋದದ್ದು ಹೋಗುತ್ತಲೇ ಇತ್ತು. ಕೊನೆಗೆ 2025ರ ಜೂನ್‌ನಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ, 2027ರ ಮಾರ್ಚ್ 1 ಆಧಾರ ದಿನ ಎಂದು ಗೊತ್ತುಮಾಡಿತು. ಅಂದರೆ 2011ರ ಲೆಕ್ಕಕ್ಕೂ ಮುಂದಿನ ಲೆಕ್ಕಕ್ಕೂ ನಡುವೆ ಹದಿನಾರು ವರ್ಷ. 2011ರಲ್ಲಿ ತೊಟ್ಟಿಲಲ್ಲಿದ್ದ ಹೆಣ್ಣುಮಗು 2027ರಲ್ಲಿ ಪಿ.ಯು.ಸಿ.ಗೆ ಹೋಗಲು ಬಸ್ಸಿಗೆ ಕಾಯುತ್ತಿರುತ್ತದೆ. ಸರಕಾರಿ ಪುಸ್ತಕದಲ್ಲಿ ಮಾತ್ರ ಅದು ಇನ್ನೂ ತೊಟ್ಟಿಲಲ್ಲೇ ಇದೆ.

ಸಣ್ಣ ಊರುಗಳ ಜಿಲ್ಲೆ

ಮೊದಲು ಅಂಕಿ ನೋಡೋಣ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 12,55,104. ಅದಕ್ಕೆ ಹತ್ತು ವರ್ಷ ಮೊದಲು, 2001ರಲ್ಲಿ, ಇದೇ ಪ್ರದೇಶದಲ್ಲಿ 11 ಲಕ್ಷ 49 ಸಾವಿರ ಜನ ಇದ್ದರು. ಹತ್ತು ವರ್ಷದಲ್ಲಿ ಕೂಡಿಕೊಂಡದ್ದು ಒಂದು ಲಕ್ಷದ ಆರು ಸಾವಿರ ಜನ, ಶೇಕಡಾ ಒಂಬತ್ತು ಚಿಲ್ಲರೆ. ಇಡೀ ಕರ್ನಾಟಕ ಅದೇ ಹತ್ತು ವರ್ಷದಲ್ಲಿ ಶೇಕಡಾ ಹದಿನೈದೂವರೆಗೂ ಮೀರಿ ಬೆಳೆಯಿತು. ಪಕ್ಕದ ಬೆಂಗಳೂರು ನಗರ ಜಿಲ್ಲೆಯಂತೂ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಇಲ್ಲಿ ಮಕ್ಕಳು ಹುಟ್ಟಲಿಲ್ಲ ಅಂತಲ್ಲ. ದುಡಿಯುವ ಕೈಗಳು ಬಸ್ಸು ಹತ್ತಿ ದಕ್ಷಿಣಕ್ಕೆ ಹೋದವು, ಬಹಳಷ್ಟು ಅಲ್ಲೇ ಉಳಿದವು. ಮಳೆ ನಂಬಿದ ರಾಗಿ ಹೊಲ, ಪಾತಾಳಕ್ಕಿಳಿದ ಬೋರ್‌ವೆಲ್ ನೀರು, ಅರುವತ್ತು ಕಿಲೋಮೀಟರ್ ದೂರದಲ್ಲಿ ಕರೆಯುವ ದೊಡ್ಡ ಪಟ್ಟಣ. ಇನ್ನೇನಾದೀತು?

ಪೇಟೆಗಳ ಲೆಕ್ಕ ಬೇರೆ. ಜಿಲ್ಲಾ ಕೇಂದ್ರ ಚಿಕ್ಕಬಳ್ಳಾಪುರಕ್ಕೆ 2011ರಲ್ಲಿ ಸುಮಾರು 63 ಸಾವಿರ ಜನ. ಚಿಂತಾಮಣಿ ಅದಕ್ಕಿಂತ ದೊಡ್ಡದು, 76 ಸಾವಿರ. ಶಿಡ್ಲಘಟ್ಟಕ್ಕೆ 51 ಸಾವಿರ, ಗೌರಿಬಿದನೂರಿಗೆ 38 ಸಾವಿರದ ಹತ್ತಿರ. ಇಷ್ಟೆಲ್ಲ ಆದರೂ ಜಿಲ್ಲೆಯ ನೂರು ಜನರಲ್ಲಿ ಎಪ್ಪತ್ತೇಳು ಎಪ್ಪತ್ತೆಂಟು ಮಂದಿ ಹಳ್ಳಿಯವರೇ. ಅಂದರೆ ಒಂಬತ್ತೂ ಮುಕ್ಕಾಲು ಲಕ್ಷಕ್ಕೆ ಹತ್ತಿರ.

ಈ ಒಂಬತ್ತೂ ಮುಕ್ಕಾಲು ಲಕ್ಷ ಜನ ಹರಡಿಕೊಂಡಿರುವುದು ಒಂದೂವರೆ ಸಾವಿರದಷ್ಟು ಕಂದಾಯ ಗ್ರಾಮಗಳಲ್ಲಿ. ಅದರಲ್ಲಿ ಜನವೇ ಇಲ್ಲದ, ಹೆಸರು ಮಾತ್ರ ಉಳಿದ ಬೇಚರಾಕ್ ಗ್ರಾಮಗಳೂ ಸೇರಿವೆ. ಅವನ್ನು ಬಿಟ್ಟು ಭಾಗಿಸಿದರೂ ಊರಿಗೆ ಸರಾಸರಿ ಏಳುನೂರರ ಆಸುಪಾಸು ತಲೆ. ನೂರೈವತ್ತು ಮನೆ, ಒಂದು ಕೆರೆ, ಒಂದು ಗುಡಿ, ಒಂದು ಹಾಲಿನ ಡೇರಿ. ಈ ಸೀಮೆಯ ಮಾಮೂಲಿ ಹಳ್ಳಿ ಎಂದರೆ ಇದೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬಸ್ ಸ್ಟ್ಯಾಂಡಿನಲ್ಲಿ ಎರಡೂ.

ಊರು ಸಣ್ಣದಾಗಿರುವುದು ತಪ್ಪಲ್ಲ. ಆದರೆ ಸರಕಾರದ ಯೋಜನೆಗಳು ಯಾವತ್ತೂ ದೊಡ್ಡ ಊರನ್ನೇ ಮೊದಲು ಕಂಡದ್ದು. ತೊಂದರೆ ಹುಟ್ಟಿದ್ದು ಅಲ್ಲಿ.

ತಲೆ ಎಣಿಸಿ ರಸ್ತೆ

ಐದನೆ ಪಂಚವಾರ್ಷಿಕ ಯೋಜನೆಯಲ್ಲಿ, 1974ರಿಂದ, ಕನಿಷ್ಠ ಅಗತ್ಯಗಳ ಕಾರ್ಯಕ್ರಮ ಬಂತು. ಹಳ್ಳಿಗಳಿಗೆ ಮಳೆಗಾಲದಲ್ಲೂ ಕೆಡದ ರಸ್ತೆ ಕೊಡಬೇಕು ಎಂದಿತು. ಯಾವ ಹಳ್ಳಿಗೆ? 1,500ಕ್ಕೆ ಮೇಲ್ಪಟ್ಟು ಜನ ಇರುವ ಹಳ್ಳಿಗೆ. ಆಮೇಲೆ ಸಾವಿರಕ್ಕೆ ಮೇಲ್ಪಟ್ಟವಕ್ಕೆ. ಏಳುನೂರು ಜನರ ಊರು ಸಾಲಿನಲ್ಲಿ ಹಿಂದೆ ನಿಂತಿತು. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದಾಗ ಬಯಲು ಸೀಮೆಗೆ ಮಿತಿ 500 ಆಯಿತು. ಮಾಮೂಲಿ ಹಳ್ಳಿಗೆ ಉಸಿರು ಬಂತು, ಡಾಂಬರು ಬಂತು. ಆದರೂ ಐನೂರಕ್ಕೆ ಕಡಿಮೆ ಇರುವ ಮಜರೆಗಳು ಹಾಗೇ ಉಳಿದವು. ಇದೇ ಯೋಜನೆಯ ನಾಲ್ಕನೆ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಅದಕ್ಕೂ ಆಧಾರ 2011ರ ಜನಸಂಖ್ಯೆಯೇ. 2011ರಲ್ಲಿ 480 ಜನ ಇದ್ದು ಈಗ 560 ಆಗಿರುವ ಊರೊಂದು ಇದ್ದರೆ, ಆ ಲೆಕ್ಕಕ್ಕೆ ಅದು ಇನ್ನೂ 480ರ ಊರೇ.

ಇನ್ನೊಂದು ಸೂಕ್ಷ್ಮ ಇದೆ. ಜನಗಣತಿಯವರು ಲೆಕ್ಕ ಬರೆಯುವುದು ಕಂದಾಯ ಗ್ರಾಮದ ಹೆಸರಿನಲ್ಲಿ. ಒಂದು ಗ್ರಾಮಕ್ಕೆ ಎರಡು ಮೂರು ಮಜರೆ ಸೇರಿರಬಹುದು. ಮೂಲ ಊರಿಗೆ ಬಸ್ಸು ಬಂದರೆ ಗ್ರಾಮದ ಸಾಲಿನಲ್ಲಿ 'ಇದೆ' ಎಂದು ಬೀಳುತ್ತದೆ. ಎರಡು ಮೂರು ಕಿಲೋಮೀಟರ್ ಆಚೆ, ಕೆರೆ ಏರಿ ಹಿಂದಿರುವ ಮಜರೆಯವರ ಕಾಲುನೋವು ಆ ಸಾಲಿನಲ್ಲಿ ಕಾಣುವುದಿಲ್ಲ. ಪಂಚಾಯಿತಿಯಲ್ಲಾದರೂ ಕೂಗೋಣವೆಂದರೆ, 1993ರ ಪಂಚಾಯತ್ ರಾಜ್ ಕಾಯಿದೆಯಂತೆ 400 ಜನಕ್ಕೆ ಒಬ್ಬ ಸದಸ್ಯ. ಇನ್ನೂರೈವತ್ತು ಜನರ ಮಜರೆಗೆ ತನ್ನದೇ ಅನ್ನುವ ಸದಸ್ಯನೂ ಸಿಗುವುದು ಕಷ್ಟ. ಜಿಲ್ಲೆಯ 157 ಗ್ರಾಮ ಪಂಚಾಯಿತಿಗಳಲ್ಲಿ ಇಂಥ ದನಿಯಿಲ್ಲದ ಕೇರಿಗಳನ್ನು ಎಣಿಸಿದವರಿಲ್ಲ.

ನಡೆದೇ ಹೋದ ಹುಡುಗ

ಹಿಂದೆ ಜನ ನಡೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ನಡೆದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ 1935ರಲ್ಲಿ ಹೈಸ್ಕೂಲು ಓದಬೇಕೆಂದು, ಪ್ರಯಾಣಕ್ಕೆ ಕಾಸಿಲ್ಲದೆ, ಎರಡು ದಿನ ಕಾಲ್ನಡಿಗೆಯಲ್ಲಿ ಬೆಂಗಳೂರು ಸೇರಿದ. ಆ ಹುಡುಗನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯ. ತಾವು ನಡೆದ ದಾರಿ ಅವರಿಗೆ ಮರೆಯಲಿಲ್ಲ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದದ್ದು ಅವರ ಶ್ರಮದಿಂದ. ಹಳ್ಳಿ ಮಕ್ಕಳು ಓದಲು ಬೆಂಗಳೂರಿಗೇ ಓಡಬೇಕಾದ ಕಾಲಕ್ಕೆ ಅದು ಉತ್ತರ.

ಕಾಲೇಜು ತಾಲ್ಲೂಕು ಪಟ್ಟಣಕ್ಕೆ ಬಂತು. ಆದರೆ ಹಳ್ಳಿಯಿಂದ ಕಾಲೇಜಿಗೆ ಹೋಗುವುದು ಹೇಗೆ? ಊರ ಶಾಲೆ ಏಳನೆಯದಕ್ಕೋ ಎಂಟನೆಯದಕ್ಕೋ ಮುಗಿಯುತ್ತದೆ. ಹೈಸ್ಕೂಲು ಹೋಬಳಿಯಲ್ಲಿ, ಕಾಲೇಜು ತಾಲ್ಲೂಕಿನಲ್ಲಿ. ಎಂಟನೆ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಬಂದಾಗ ಹಳ್ಳಿ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದರು. ಕೋವಿಡ್ ಬಂದ ಮೇಲೆ ಅದೂ ವರ್ಷಗಟ್ಟಲೆ ನಿಂತಿತು. ಗಂಡು ಹುಡುಗನಾದರೆ ಯಾರದ್ದಾದರೂ ಮೋಟಾರ್ ಸೈಕಲ್ ಹಿಂದೆ ಕೂತು ಹೋಗುತ್ತಾನೆ. ಹುಡುಗಿ? "ಬಸ್ಸಿಲ್ಲ ಅಂದ್ರೆ ಕಾಲೇಜು ಬ್ಯಾಡ, ಮನೇಲೇ ಇರ್ಲಿ" ಎನ್ನುವ ಮಾತು ಈ ಸೀಮೆಯ ಮನೆಗಳಿಗೆ ಹೊಸದಲ್ಲ. ಊರಿಗೊಂದು ಬಸ್ಸು ತಪ್ಪಿದರೆ ಒಂದು ಹುಡುಗಿಯ ಮದುವೆ ಎರಡು ವರ್ಷ ಮೊದಲೇ ಗೊತ್ತಾಗುತ್ತದೆ. ಕೈಪಿಡಿಯಲ್ಲಿ ಇದಕ್ಕೆ ಅಂಕಣವಿಲ್ಲ.

ಹಳಿ ಇದೆ, ಗಾಡಿ ದೂರ

ರೈಲಿನ ವಿಷಯಕ್ಕೆ ಬಂದರೆ ಈ ಸೀಮೆ ಹಿಂದುಳಿದದ್ದು ಅಂತ ಹೇಳುವ ಹಾಗಿಲ್ಲ. ಬೆಂಗಳೂರು–ಗುಂತಕಲ್ಲು ಮಾರ್ಗ ಹತ್ತೊಂಬತ್ತನೆ ಶತಮಾನದ್ದು. ತೊಂಡೇಭಾವಿ, ಗೌರಿಬಿದನೂರು, ವಿದುರಾಶ್ವತ್ಥ, ಅಲ್ಲಿಂದ ಹಿಂದೂಪುರ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿದ ಅದೇ ವಿದುರಾಶ್ವತ್ಥ.

ಇತ್ತ ಚಿಕ್ಕಬಳ್ಳಾಪುರಕ್ಕೆ 1915ರಲ್ಲೇ ಸಣ್ಣ ಹಳಿಯ ರೈಲು ಬಂತು. ದೇವನಹಳ್ಳಿ, ಆವತಿ, ನಂದಿ ದಾಟಿ ಬರುತ್ತಿದ್ದ ಪುಟ್ಟ ಗಾಡಿ. ಅದೇ ಸಣ್ಣ ಹಳಿ ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಮುಟ್ಟಿ ಬಂಗಾರಪೇಟೆಗೆ ಕೂಡಿಕೊಂಡಿತ್ತು. ಆಮೇಲೆ ದೊಡ್ಡ ಹಳಿ ಮಾಡುತ್ತೇವೆಂದು ಸಣ್ಣದನ್ನು ಕಿತ್ತರು. ಚಿಂತಾಮಣಿ, ಶಿಡ್ಲಘಟ್ಟದ ಜನ ರೈಲಿನ ಶಬ್ದ ಕೇಳದೆ ವರ್ಷಗಟ್ಟಲೆ ಕಳೆದರು. ಕೋಲಾರ–ಚಿಕ್ಕಬಳ್ಳಾಪುರ ದೊಡ್ಡ ಹಳಿ ತೆರೆದದ್ದು 2013ರಲ್ಲಿ. 2021ರ ಜನವರಿಯಲ್ಲಿ ಇದೇ ಮಾರ್ಗದ ಮೇಲೆ ವಿಮಾನ ನಿಲ್ದಾಣಕ್ಕೆಂದು ಹಾಲ್ಟ್ ಸ್ಟೇಷನ್ ಕೂಡ ಬಂತು. ಚಿಕ್ಕಬಳ್ಳಾಪುರ–ಗೌರಿಬಿದನೂರು ರೈಲು ಮಾರ್ಗದ ಮಾತು ಮಾತ್ರ ಕಾಗದದಿಂದ ಕೆಳಗಿಳಿದು ಹಳಿಯಾಗಿಲ್ಲ.

ಹಳಿ ಇದ್ದು ಹಳ್ಳಿಗೇನು ಪ್ರಯೋಜನ ಎಂಬುದು ಬೇರೆ ಪ್ರಶ್ನೆ. ಒಂದು ಮಾರ್ಗದ ಮೇಲೆ ಗಾಡಿ ಓಡುವುದು ಬೇರೆ, ಊರವರು ಹತ್ತುವ ಹೊತ್ತಿಗೆ ನಿಲ್ಲುವುದು ಬೇರೆ. ಸ್ಟೇಷನ್ನಿನಿಂದ ಹತ್ತು ಕಿಲೋಮೀಟರ್ ಒಳಗಿರುವ ಹಳ್ಳಿಯವನಿಗೂ ಸ್ಟೇಷನ್ ಮುಟ್ಟಲು ಮತ್ತೆ ಬಸ್ಸೋ ಆಟೋವೋ ಬೇಕು. ಹಾಗಾಗಿ ಈ ಸೀಮೆಯ ಹಳ್ಳಿಯವನಿಗೆ ಪ್ರಯಾಣ ಅಂದರೆ ರಸ್ತೆಯೇ. ರಸ್ತೆಗಳೇನೋ ಇವೆ. ಉತ್ತರ ದಕ್ಷಿಣಕ್ಕೆ, ಹಿಂದೆ 7ನೆ ನಂಬರು ಎನ್ನುತ್ತಿದ್ದ, ಈಗ 44 ಆಗಿರುವ ಹೈದರಾಬಾದ್ ಹೆದ್ದಾರಿ. ಪೂರ್ವ ಪಶ್ಚಿಮಕ್ಕೆ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕನ್ನೂ ದಾರದಲ್ಲಿ ಪೋಣಿಸಿದಂತೆ ಹೋಗುವ ಹೆದ್ದಾರಿ. ಹಿಂದೆ 234, ಈಗ 69. ಈ ಎರಡು ರಸ್ತೆಗಳ ಮೇಲೆ ನಿಂತವನಿಗೆ ಬಸ್ಸಿಗೆ ಬರವಿಲ್ಲ. ಈ ರಸ್ತೆಗಳಿಂದ ಆರು ಕಿಲೋಮೀಟರ್ ಒಳಕ್ಕೆ ಹೋದವನೇ ನತದೃಷ್ಟ.

ಕೆಂಪು ಬಸ್ಸು, ಬಣ್ಣದ ಬಸ್ಸು

ರಾಜ್ಯದಲ್ಲಿ ಸರಕಾರಿ ಬಸ್ಸು ಓಡಲು ಶುರುವಾದದ್ದು 1948ರ ಸೆಪ್ಟೆಂಬರ್‌ನಲ್ಲಿ, ಮೈಸೂರು ಸರಕಾರದ ಸಾರಿಗೆ ಇಲಾಖೆಯಿಂದ. 1961ರಲ್ಲಿ ಅದು ನಿಗಮವಾಯಿತು. ಆದರೆ ಹಳೆಯ ಕೋಲಾರ ಜಿಲ್ಲೆ ಎಂದರೆ ಮೊದಲಿನಿಂದಲೂ ಖಾಸಗಿ ಬಸ್ಸಿನ ಸಾಮ್ರಾಜ್ಯ. ದೇವರ ಹೆಸರು, ಮಕ್ಕಳ ಹೆಸರು ಬರೆಸಿಕೊಂಡು, ಹಾರ ಹಾಕಿಕೊಂಡು, ಹಾಡು ಹಚ್ಚಿಕೊಂಡು ಬರುವ ಬಸ್ಸುಗಳು. 1968ರಲ್ಲಿ ಕೋಲಾರ ಪಾಕೆಟ್ ಸ್ಕೀಮ್ ಎಂಬುದು ಬಂದು ಕೆಲವು ರೂಟುಗಳು ಸರಕಾರಿ ಬಸ್ಸಿಗೆ ಮೀಸಲಾದವು. ಅಲ್ಲಿಂದ ಪರ್ಮಿಟ್ಟಿನ ಜಗಳ ಕೋರ್ಟಿನ ಮೆಟ್ಟಿಲು ಹತ್ತಿ ಹತ್ತಿ ಇಳಿಯಿತು. ಯಾರ ಬಸ್ಸು ಯಾವ ರಸ್ತೆಯಲ್ಲಿ ಜನ ಹತ್ತಿಸಬಹುದು ಎಂಬ ವಾದದಲ್ಲಿ ವಕೀಲರು ಮಾತಾಡಿದರು, ಮಾಲೀಕರು ಮಾತಾಡಿದರು, ನಿಗಮ ಮಾತಾಡಿತು. ಬಸ್ಸಿಗೆ ಕಾಯುವವನನ್ನು ಯಾರೂ ಕೇಳಲಿಲ್ಲ.

ಈಗ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಬಾಗೇಪಲ್ಲಿಗಳಲ್ಲಿ ನಿಗಮದ ಡಿಪೋಗಳಿವೆ. ಹಳ್ಳಿ ರೂಟಿನ ಲೆಕ್ಕಾಚಾರ ಡಿಪೋ ಮೇಜಿನ ಮೇಲೆ ಹೀಗೆ ನಡೆಯುತ್ತದೆ: ಬಸ್ಸು ಓಡಿದ್ದು ಎಷ್ಟು ಕಿಲೋಮೀಟರ್, ಬಂದ ಕಾಸು ಎಷ್ಟು, ಕಿಲೋಮೀಟರಿಗೆ ಎಷ್ಟು ಬಿತ್ತು. ಏಳುನೂರು ಜನರ ಊರಿಗೆ ಬೆಳಿಗ್ಗೆ ಹೋಗುವಾಗ ಬಸ್ಸು ಖಾಲಿ, ಬರುವಾಗ ಭರ್ತಿ. ಸಂಜೆ ಹೋಗುವಾಗ ಭರ್ತಿ, ಬರುವಾಗ ಖಾಲಿ. ಲೆಕ್ಕ ಹಾಕಿದರೆ ಅರ್ಧ ಓಟ ನಷ್ಟ. ಬಸ್ಸು ಕೆಟ್ಟರೆ, ಡ್ರೈವರ್ ರಜೆ ಹಾಕಿದರೆ, ಜಾತ್ರೆಗೋ ಮದುವೆಗೋ ಸಮಾವೇಶಕ್ಕೋ ಬಸ್ಸು ಬೇಕಾದರೆ ಮೊದಲು ಕೈಬಿಡುವುದು ಇಂಥ ಟ್ರಿಪ್ಪನ್ನೇ. ಹೆದ್ದಾರಿ ಬಸ್ಸು ನಿಂತರೆ ಪೇಪರಿನಲ್ಲಿ ಬರುತ್ತದೆ. ಹಳ್ಳಿ ಟ್ರಿಪ್ ನಿಂತರೆ ಊರವರಿಗೆ ಮಾತ್ರ ಗೊತ್ತಾಗುತ್ತದೆ.

ನಷ್ಟದ ಮಾತನ್ನೂ ಪೂರ್ತಿ ಅಲ್ಲಗಳೆಯುವಂತಿಲ್ಲ. ಡೀಸೆಲ್ ಪುಕ್ಕಟೆ ಬರುವುದಿಲ್ಲ. ಅದಕ್ಕೆಂದೇ ಹಿಂದಿನವರು ಕಂಡುಕೊಂಡ ಉಪಾಯ ನೈಟ್ ಹಾಲ್ಟ್ ಬಸ್ಸು. ರಾತ್ರಿ ಕೊನೆಯ ಟ್ರಿಪ್ಪಿಗೆ ಹಳ್ಳಿಗೆ ಹೋದ ಬಸ್ಸು ಅಲ್ಲೇ ತಂಗುವುದು, ಬೆಳಿಗ್ಗೆ ಆರಕ್ಕೋ ಆರೂವರೆಗೋ ಅಲ್ಲಿಂದಲೇ ಹೊರಡುವುದು. ಹೋಗುವಾಗಲೂ ಭರ್ತಿ, ಬರುವಾಗಲೂ ಭರ್ತಿ. ಡ್ರೈವರ್, ಕಂಡಕ್ಟರಿಗೆ ಮಲಗಲು ಶಾಲೆಯದೋ ಗುಡಿಯದೋ ಜಗಲಿ, ಯಾರ ಮನೆಯಿಂದಲೋ ಮುದ್ದೆ ಸಾರು. ಆ ಬಸ್ಸು ಊರ ಬಸ್ಸೇ ಆಗಿಬಿಡುತ್ತದೆ. ಬೆಳಗಿನ ಹಾರ್ನು ಊರಿಗೆ ಗಡಿಯಾರ. ಇಂಥ ಒಂದು ಬಸ್ಸು ಐದಾರು ಹಳ್ಳಿಗಳ ಕಾಲೇಜು ಮಕ್ಕಳನ್ನೂ ಕೂಲಿಯವರನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತದೆ. ಸಿಬ್ಬಂದಿಗೆ ಮಲಗಲು ಗಟ್ಟಿ ಕೋಣೆ, ಕಕ್ಕಸು, ನೀರು ಇಲ್ಲದಿದ್ದರೆ ಅವರೂ ಎಷ್ಟು ದಿನ ತಂಗಿಯಾರು? ಒಂದು ಪಂಚಾಯಿತಿ ಮನಸ್ಸು ಮಾಡಿದರೆ ಆಗುವ ಕೆಲಸ ಅದು.

ಪುಕ್ಕಟೆ ಟಿಕೆಟ್, ಬಾರದ ಬಸ್ಸು

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಹೆಂಗಸರಿಗೆ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಕಾಸಿಲ್ಲ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಗಾರ್ಮೆಂಟ್ಸಿಗೆ ಹೋಗುವವಳಿಗೆ, ಆಸ್ಪತ್ರೆಗೆ ಹೋಗುವ ಮುದುಕಿಗೆ, ತವರಿಗೆ ಹೋಗುವ ಸೊಸೆಗೆ ತಿಂಗಳಿಗೆ ನೂರಾರು ರೂಪಾಯಿ ಉಳಿಯಿತು. 2025ರ ಜನವರಿಯಲ್ಲಿ ನಿಗಮ ದರವನ್ನು ಶೇಕಡಾ 15 ಏರಿಸಿದಾಗ ಆ ಬಿಸಿ ಗಂಡಸರಿಗೆ ಮುಟ್ಟಿತು, ಹೆಂಗಸರಿಗೆ ಮುಟ್ಟಲಿಲ್ಲ.

ಆದರೆ ಖಾಸಗಿ ಬಸ್ಸಿಗೆ ಶಕ್ತಿ ಇಲ್ಲ. ಬಣ್ಣದ ಬಸ್ಸು ಮಾತ್ರ ಬರುವ ರೂಟಿನ ಹೆಂಗಸು ಟಿಕೆಟ್ ಕಾಸು ಕೊಟ್ಟೇ ಹೋಗಬೇಕು. ಕ್ರಾಸಿನವರೆಗೆ ಆಟೋಕ್ಕೆ ಕಾಸು ಕೊಟ್ಟು, ಅಲ್ಲಿಂದ ಪುಕ್ಕಟೆ ಬಸ್ಸು ಹತ್ತಬೇಕು. ಗೌರಿಬಿದನೂರು ಗಡಿ ಹಳ್ಳಿಯವಳದ್ದು ಇನ್ನೊಂದು ಪಾಡು. ಅವಳಿಗೆ ಹತ್ತಿರದ ಪೇಟೆ ಹಿಂದೂಪುರ. ಅದು ಆಂಧ್ರದ್ದು. ಗಡಿ ದಾಟುವ ಪ್ರಯಾಣಕ್ಕೆ ಶಕ್ತಿ ಅನ್ವಯಿಸುವುದಿಲ್ಲ. ಪಟ್ಟಣದ ಹೆಂಗಸಿಗೆ ಪೂರ್ತಿ ಪುಕ್ಕಟೆ, ಹೆದ್ದಾರಿ ಪಕ್ಕದವಳಿಗೆ ಪುಕ್ಕಟೆ, ಒಳಗಿನ ಹಳ್ಳಿಯ ಕೂಲಿಯವಳಿಗೆ ಅರ್ಧಂಬರ್ಧ. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೆ ಕಡಿಮೆ.

ವಿದ್ಯಾರ್ಥಿ ಪಾಸಿನ ಕಥೆಯೂ ಇದೇ. ನಿಗಮದ ಪಾಸು ನಿಗಮದ ಬಸ್ಸಿಗೆ. ಪಾಸು ಜೇಬಿನಲ್ಲಿ, ಬಸ್ಸು ಡಿಪೋದಲ್ಲಿ.

2011ರ ಕೈಪಿಡಿ ಮಾತ್ರ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಸರಕಾರಿ ಬಸ್ಸಿಗೊಂದು, ಖಾಸಗಿ ಬಸ್ಸಿಗೊಂದು, ಆಟೋಗೊಂದು, ಟ್ಯಾಕ್ಸಿ ವ್ಯಾನಿಗೊಂದು ಬೇರೆ ಬೇರೆ ಅಂಕಣ ಇಟ್ಟಿದೆ. ಯಾವ ಊರಿಗೆ ಸರಕಾರಿ ಬಸ್ಸಿಲ್ಲ, ಖಾಸಗಿ ಮಾತ್ರ ಇದೆ ಎಂಬುದನ್ನು ಯಾರಾದರೂ ಕೂತು ಒಂದು ಪಟ್ಟಿ ಮಾಡಿದರೆ, ಶಕ್ತಿ ತಲುಪದ ಊರುಗಳ ಮೊದಲ ಪಟ್ಟಿ ಸಿದ್ಧ. ಹೊಸದಾಗಿ ಸಮಿತಿ ಮಾಡಿ ಭತ್ಯೆ ಕೊಡುವ ಅಗತ್ಯವೂ ಇಲ್ಲ.

ಗೂಡು ಕಾಯುವುದಿಲ್ಲ

ಬಸ್ಸು ಅಂದರೆ ಬರೀ ಜನ ಅಲ್ಲ, ಮಾಲೂ ಹೌದು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ರಾಮನಗರದ ಜೊತೆಗೆ ಹೆಸರು ಹೇಳುವಂಥದ್ದು. ಸುತ್ತಲಿನ ತಾಲ್ಲೂಕುಗಳ ಹಿಪ್ಪುನೇರಳೆ ತೋಟದವರ ಬದುಕು ಅಲ್ಲಿನ ಹರಾಜಿನ ಮೇಲೆ ನಿಂತಿದೆ. 1959ರ ಕಾಯಿದೆಯಂತೆ ಗೂಡನ್ನು ಸರಕಾರ ಗೊತ್ತುಮಾಡಿದ ಮಾರುಕಟ್ಟೆಗೇ ತಂದು ಮಾರಬೇಕು. ಸರಿ, ರೈತನಿಗೆ ಮೋಸವಾಗಬಾರದೆಂದು ಮಾಡಿದ ಕಾಯಿದೆ. ಆದರೆ ಮಾರುಕಟ್ಟೆಗೆ ತರುವುದು ರೈತನ ತಲೆನೋವು.

ಗೂಡಿಗೆ ತಾಳ್ಮೆ ಇಲ್ಲ. ಚಂದ್ರಿಕೆಯಿಂದ ಬಿಡಿಸಿದ ಮೇಲೆ ದಿನದಿಂದ ದಿನಕ್ಕೆ ತೂಕ ಇಳಿಯುತ್ತದೆ. ಹೆಚ್ಚು ಕಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತಾಗುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಬೆಳಿಗ್ಗೆ ಹರಾಜಿನ ಹೊತ್ತಿಗೆ ಲಾಟು ಮಾರುಕಟ್ಟೆಯಲ್ಲಿರಬೇಕು. ಎರಡೆಕರೆ ತೋಟದವನಿಗೆ ಸ್ವಂತ ಟೆಂಪೋ ಇಲ್ಲ. ಬೆಳಗಿನ ಬಸ್ಸು ಇದ್ದರೆ ಚೀಲ ಹಾಕಿಕೊಂಡು ಲಗೇಜು ಕಾಸು ಕೊಟ್ಟು ಬರುತ್ತಾನೆ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಗೂಡ್ಸ್ ಆಟೋ ಮಾತಾಡಬೇಕು. ಒಬ್ಬನದ್ದೇ ಬೆಳೆ ಬಂದಿದ್ದರೆ ಒಬ್ಬನೇ ಪೂರ್ತಿ ಬಾಡಿಗೆ ತೆರಬೇಕು. ಚಿಂತಾಮಣಿ ಮಾರುಕಟ್ಟೆಗೆ ಬರುವ ಟೊಮೆಟೊ, ಚಿಕ್ಕಬಳ್ಳಾಪುರಕ್ಕೆ ಬರುವ ಹೂವು, ದ್ರಾಕ್ಷಿಯ ಲೆಕ್ಕವೂ ಇದೇ. ಬಸ್ಸಿನ ಟಾಪಿನ ಮೇಲೆ ಹತ್ತು ರೂಪಾಯಿಗೆ ಬರಬೇಕಾದ ಮೂಟೆ ಬಾಡಿಗೆ ಗಾಡಿಯಲ್ಲಿ ಐದು ಪಟ್ಟಿಗೆ ಬರುತ್ತದೆ. ಲಾಭ ದಾರಿಯಲ್ಲೇ ಇಳಿದುಹೋಗುತ್ತದೆ.

ಜೀಪಿನ ಹಿಂದೆ ನೇತಾಡಿ

ಬಸ್ಸಿಲ್ಲದ ಕಡೆ ಜನ ಸುಮ್ಮನೆ ಕೂರುವುದಿಲ್ಲ. ಆಟೋ ಬಂತು, ಜೀಪು ಬಂತು, ಟಾಟಾ ಸುಮೋ ಬಂತು, ಮಾಲು ಸಾಗಿಸುವ ಗಾಡಿಯಲ್ಲೂ ಮನುಷ್ಯರು ಬಂದರು. ಏಳು ಜನ ಕೂರುವ ಕಡೆ ಹದಿನಾಲ್ಕು ಜನ. ಹಿಂದೆ ಕಂಬಿ ಹಿಡಿದು ನೇತಾಡುವವರು ಲೆಕ್ಕಕ್ಕಿಲ್ಲ. ಟ್ರಾಫಿಕ್ಕಿನವರು ಹಿಡಿದರೆ ದಂಡ ಕಟ್ಟುವುದು, ಮರುದಿನ ಮತ್ತೆ ಅದೇ. ಡ್ರೈವರನನ್ನು ಬೈದು ಪ್ರಯೋಜನವಿಲ್ಲ. ಹತ್ತಬೇಡಿ ಎಂದರೆ ಜನ ಏನು ಹತ್ತಬೇಕು?

2021ರ ಸೆಪ್ಟೆಂಬರ್‌ನಲ್ಲಿ ಚಿಂತಾಮಣಿ ತಾಲ್ಲೂಕಿನಲ್ಲಿ ಪ್ರಯಾಣಿಕರು ತುಂಬಿದ್ದ ಜೀಪಿಗೂ ಲಾರಿಗೂ ಡಿಕ್ಕಿಯಾಗಿ ಎಂಟು ಜನ ಸತ್ತರು. 2023ರ ಅಕ್ಟೋಬರ್ 26ರ ಬೆಳಗಿನ ಮಂಜಿನಲ್ಲಿ ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೋ ಗುದ್ದಿ ಹದಿಮೂರು ಜನ ಹೋದರು. ಆಂಧ್ರದ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೊರಟಿದ್ದವರು. ಮಂತ್ರಿಗಳು ಬಂದರು, ಸಂತಾಪ ಆಯಿತು, ಪರಿಹಾರ ಆಯಿತು. ಅಷ್ಟೊಂದು ಜನ ಒಂದು ಸಣ್ಣ ಗಾಡಿಯಲ್ಲಿ ಯಾಕೆ ಇದ್ದರು ಎಂಬ ಪ್ರಶ್ನೆ ಹಾರದ ಹೂವಿನ ಜೊತೆಗೇ ಬಾಡಿತು.

ಆಸ್ಪತ್ರೆ ವಿಷಯದಲ್ಲಿ ಒಂದು ಸಮಾಧಾನ ಇದೆ. 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಬಂತು. ಹೆರಿಗೆ ನೋವು ಬಂದವಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸುವ ಕಾಲ ಹೆಚ್ಚು ಕಡಿಮೆ ಹೋಯಿತು. ಆದರೆ 108 ಬರುವುದು ಜೀವಕ್ಕೆ ಬಂದಾಗ. ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆ ಮಾತ್ರೆಗೆ, ಬಸುರಿಯ ತಪಾಸಣೆಗೆ, ಕಣ್ಣು ತೋರಿಸಲು ಹೋಗುವುದಕ್ಕೆ ಅದು ಬರುವುದಿಲ್ಲ. ಅದಕ್ಕೆ ಬಸ್ಸೇ ಬೇಕು. "ಬಸ್ಸು ಸಿಕ್ಕಿದ್ ದಿನ ನೋಡಾನ" ಎಂದು ಮುಂದೆ ಹಾಕಿದ ಕಾಯಿಲೆಯೇ ಒಂದು ದಿನ 108 ಕರೆಸುತ್ತದೆ.

ಮಾಡಬೇಕಾದ್ದೇನು

ಕೋಟಿಗಟ್ಟಲೆ ಹಣದ ಮಾತಲ್ಲ ಇದು. ಮೊದಲನೆಯದು, ಪ್ರತಿ ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯ ಊರುಗಳ, ಮಜರೆಗಳ ಬಸ್ಸಿನ ಪಟ್ಟಿಯನ್ನು ತಾನೇ ಬರೆಯಬೇಕು. ಬೆಳಿಗ್ಗೆ ಎಷ್ಟಕ್ಕೆ, ಸಂಜೆ ಎಷ್ಟಕ್ಕೆ, ಸರಕಾರಿಯೋ ಖಾಸಗಿಯೋ, ಕ್ರಾಸು ಎಷ್ಟು ದೂರ, ಕಾಲೇಜಿಗೆ ಹೋಗುವ ಮಕ್ಕಳೆಷ್ಟು. ಒಂದು ಹಾಳೆ ಸಾಕು. ಗ್ರಾಮಸಭೆಯಲ್ಲಿ ಓದಿ, ನಿರ್ಣಯ ಬರೆದು, ಡಿಪೋ ಮ್ಯಾನೇಜರಿಗೂ ತಾಲ್ಲೂಕು ಕೆ.ಡಿ.ಪಿ. ಸಭೆಗೂ ಕಳಿಸಬೇಕು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ನಿರ್ಣಯಕ್ಕೆ ಇನ್‌ವರ್ಡ್ ನಂಬರು ಬೀಳುತ್ತದೆ.

ಎರಡನೆಯದು, ಜಿಲ್ಲಾಧಿಕಾರಿಗಳೇ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರು. ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡುವಾಗ ಹೊತ್ತು ಗೊತ್ತುಮಾಡುವುದು ಅಲ್ಲೇ. ಪರ್ಮಿಟ್ಟಿನಲ್ಲಿ ಬರೆದ ಹಳ್ಳಿಗೆ ಬಸ್ಸು ನಿಜವಾಗಿ ಹೋಗುತ್ತದೆಯೇ, ಇಲ್ಲ ಕ್ರಾಸಿನಲ್ಲೇ ತಿರುಗಿಸಿಕೊಂಡು ಹೋಗುತ್ತದೆಯೇ ಎಂದು ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಲಿ. ಪರ್ಮಿಟ್ಟಿನ ಹೊತ್ತಿನ ಪಟ್ಟಿಯನ್ನು ಪಂಚಾಯಿತಿ ಕಚೇರಿ ಗೋಡೆಗೆ ಅಂಟಿಸಲಿ. ಊರವರಿಗೆ ಬಸ್ಸಿನ ಹೊತ್ತು ಗೊತ್ತಿದ್ದರೆ ತಪ್ಪಿದ್ದು ಗೊತ್ತಾಗುತ್ತದೆ.

ಮೂರನೆಯದು, ನಿಗಮ ಕಿಲೋಮೀಟರ್ ಆದಾಯದ ತಕ್ಕಡಿಯನ್ನು ಹಳ್ಳಿಯ ಬೆಳಗಿನ ಒಂದು ಟ್ರಿಪ್ಪಿಗೆ, ಸಂಜೆಯ ಒಂದು ಟ್ರಿಪ್ಪಿಗೆ ಹಿಡಿಯಬಾರದು. ಆ ಎರಡು ಟ್ರಿಪ್ ವ್ಯಾಪಾರವಲ್ಲ, ಶಾಲೆ ಆಸ್ಪತ್ರೆಗಳಂತೆ ಸರಕಾರದ ಹೊಣೆ. ನೈಟ್ ಹಾಲ್ಟ್ ಬಸ್ಸುಗಳು ಎಲ್ಲಿ ನಿಂತಿವೆಯೋ ಅಲ್ಲಿ ಮತ್ತೆ ಬರಲಿ. ಸಿಬ್ಬಂದಿಗೆ ಕೋಣೆ ಕಟ್ಟುವುದು ಪಂಚಾಯಿತಿಯ ಪಾಲು.

ನಾಲ್ಕನೆಯದು ಊರವರದ್ದೇ. ಜನಗಣತಿಯವರು ಬಾಗಿಲಿಗೆ ಬಂದಾಗ ಮನೆಯಲ್ಲಿರುವ ಎಲ್ಲರನ್ನೂ ಬರೆಸಬೇಕು. "ಹುಡುಗ ಬೆಂಗಳೂರಿನಲ್ಲಿದ್ದಾನೆ, ಬರೆಸಿದ್ರೆಷ್ಟು ಬಿಟ್ಟರೆಷ್ಟು" ಎಂದು ಅಸಡ್ಡೆ ಮಾಡದೆ, ಊರಲ್ಲಿ ಯಾರು ವಾಸ, ಯಾರು ಹೊರಗೆ ಎಂದು ಸರಿಯಾಗಿ ಹೇಳಬೇಕು. ಒಂದು ತಲೆ ತಪ್ಪಿದರೆ ಐನೂರರ ಊರು 499 ಆಗುತ್ತದೆ. ಆ ಒಂದು ತಲೆಗೆ ಒಂದು ರಸ್ತೆ ತಪ್ಪುತ್ತದೆ, ರಸ್ತೆ ತಪ್ಪಿದರೆ ಬಸ್ಸು ತಪ್ಪುತ್ತದೆ. ಗ್ರಾಮದ ಸೌಲಭ್ಯಗಳ ಅಂಕಣ ತುಂಬುವವರಿಗೆ ಮಜರೆಯವರು ಎದುರು ನಿಂತು, ಬಸ್ಸು ಬರುವುದು ಮೂಲ ಊರಿಗೆ, ನಮಗಲ್ಲ ಎಂದು ಹೇಳಬೇಕು. ಹೇಳದೆ ಬಿಟ್ಟರೆ 'ಇದೆ' ಎಂದೇ ಬೀಳುತ್ತದೆ. ಒಮ್ಮೆ ಬಿದ್ದರೆ ಮುಂದಿನ ಎಣಿಕೆಯವರೆಗೆ ಅದೇ ಸತ್ಯ.

ಸರಕಾರ ಹದಿನಾರು ವರ್ಷ ಎಣಿಸದೆ ಕೂತಿತ್ತು. ಈಗ ಎಣಿಸಲು ಬರುತ್ತಿದೆ. ಎಣಿಸುವಾಗ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದರೆ ಪೆನ್ಸಿಲಿನ ಮೊನೆ ಸವೆಯುವುದಿಲ್ಲ: ನಿಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೆ?